ಪ್ರೂನಾ ಕೂತ ಕಾರು

ಆರು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಒಮ್ಮೆಯೂ ಯಾರಿಗೂ ಬಾಲ ಅಲ್ಲಾಡಿಸದಿದ್ದ ಪ್ರೂನಾ, ಜೂನ್ ತಿಂಗಳ ಮೊದಲ ಸೋಮವಾರ ಸೊಕೊಲೆನಿ ಸೇತುವೆಯ ಕಾವಲು ಠಾಣೆಯಲ್ಲಿ ಹಗ್ಗ ಕಿತ್ತುಕೊಂಡು ಓಡಿತು. ಓಡಿ, ಆಗಷ್ಟೇ ಕಾರಿನಿಂದ ಇಳಿದಿದ್ದ ಪರದೇಶಿ ಗಂಡಸೊಬ್ಬನ ಎದೆಗೆ ಮುಂಗಾಲು ಎರಡನ್ನೂ ಊರಿ ನಿಂತು, ಅವನ ಗಡ್ಡವನ್ನೆಲ್ಲ ನೆಕ್ಕಿತು. ಅವನೂ ಕಡಿಮೆಯಿಲ್ಲ. "ಯಾಗೋದಾ! ಅಯ್ಯೋ, ನನ್ನ ಯಾಗೋದಾ!" ಎಂದು ಅದರ ಕಿವಿ ಹಿಡಿದು ಕುಲುಕಿದ, ಕಣ್ಣಲ್ಲಿ ನೀರು ತಂದುಕೊಂಡ. ಇತ್ತ ಖಾಲಿ ಕೈಯಲ್ಲಿ ನಿಂತಿದ್ದ, ಅದರ ಹಗ್ಗ ಹಿಡಿಯುವ ಗಡಿ ಪೊಲೀಸಿನ ಜಿನಾಯಿದಾಳಿಗೆ, ಸಾಲುಗಟ್ಟಿದ್ದ ಅಷ್ಟೂ ಲಾರಿಗಳ ಚಾಲಕರ ಎದುರಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು.

"ಏನಮ್ಮಾ ಜೀನಾ, ನಿನ್ನ ನಾಯಿಗೆ ಹಳೇ ಗಂಡ ಸಿಕ್ಕ ಹಾಗಿದೆಯಲ್ಲ!" ಚೆರ್ರಿ ಲಾರಿಯ ತ್ರೋಫಿಮ್ ಕಿಟಕಿಯಿಂದ ಕೂಗಿದ.

"ನಿನ್ನ ಹಣ್ಣಿನ ಪೆಟ್ಟಿಗೆ ಒಂದೊಂದನ್ನೂ ಕೆಳಗಿಳಿಸಿ ನೋಡ್ಲಾ? ಮುಚ್ಚು ಬಾಯಿ."

ತ್ರೋಫಿಮ್ ಬಾಯಿ ಮುಚ್ಚಿದ. ನಗು ಮಾತ್ರ ಸಾಲಿನ ಕೊನೆಯ ಲಾರಿಯವರೆಗೂ ಹೋಯಿತು.

ಆ ಪರದೇಶಿಯ ಹೆಸರು ವೊಯ್ಚೆಖ್, ಪೋಲೆಂಡಿನವನು. ನಮ್ಮ ಸೇತುವೆಯ ಆಚೆ ತುದಿಯಿಂದ ಯುರೋಪ್ ಒಕ್ಕೂಟದ ಸೀಮೆ ಶುರುವಾಗುತ್ತದೆ, ಈಚೆ ತುದಿಯಲ್ಲಿ ಅಂಗೈಯಗಲದ ಮೊಲ್ದೋವಾ. ನಮ್ಮ ಚೆರ್ರಿ, ನಮ್ಮ ಅಕ್ರೋಟು, ನಮ್ಮ ದ್ರಾಕ್ಷಾರಸ ಎಲ್ಲ ಆ ಕಡೆಗೇ ಹೋಗಬೇಕು, ಕೊಳ್ಳುವವರು ಅವರೇ. ಪಕ್ಕದ ದೇಶದಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ ಕೊಳ್ಳುವವರಿಗೊಂದು ದಿಗಿಲು ಹುಟ್ಟಿತು: ಹಣ್ಣಿನ ಕೆಳಗೆ ಬಂದೂಕು ಬಂದುಬಿಟ್ಟರೆ? ಅದಕ್ಕೇ ಒಪ್ಪಂದ, ಅದಕ್ಕೇ ಜಂಟಿ ತಪಾಸಣೆ, ಅದಕ್ಕೇ ಮೂರು ತಿಂಗಳಿಗೊಮ್ಮೆ ನೀಲಿ ತೋಳುಪಟ್ಟಿ ಕಟ್ಟಿಕೊಂಡು ಬಂದಿಳಿಯುವ ಅಧಿಕಾರಿಗಳು. ಹಾಗೆ ಬಂದವರೆಲ್ಲ ಜಿನಾಯಿದಾ ಮನೆಯಿಂದ ತಂದ ಚೀಸು ತುಂಬಿದ ಪ್ಲಚಿಂತಾ ರೊಟ್ಟಿಯನ್ನು ಬಿಸಿಬಿಸಿಯಾಗಿ ತಿಂದು, ಹೊಗಳಿ, ಹೋಗಿದ್ದರು. ಅವರಲ್ಲಿ ಒಬ್ಬರ ಮೇಲೂ ಅವಳಿಗೆ ಸಿಟ್ಟಿರಲಿಲ್ಲ.

ಇವನ ವಿಷಯ ಬೇರೆ. ಪ್ರೂನಾ ಹುಟ್ಟಿದ್ದೇ ಇವನ ಮನೆಯ ಹಿತ್ತಿಲಲ್ಲಿ. ಮದ್ದುಗುಂಡಿನ ವಾಸನೆ ಹಿಡಿಯುವುದನ್ನು ಕಲಿಸಿದವನೂ ಇವನೇ. ಆರು ವರ್ಷದ ಹಿಂದೆ, ಯುದ್ಧಕ್ಕೂ ಮುಂಚಿನ ಒಂದು ಒಪ್ಪಂದದಲ್ಲಿ, ಒಕ್ಕೂಟ ನಮ್ಮ ಗಡಿ ಪೊಲೀಸರಿಗೆ ನಾಲ್ಕು ನಾಯಿ ಕೊಟ್ಟಿತು. ಅದರಲ್ಲೊಂದು ಈ ಕಪ್ಪು ಹೆಣ್ಣುನಾಯಿ. ಕಾಗದದಲ್ಲಿ ಯಾಗೋದಾ ಎಂದಿದ್ದ ಹೆಸರನ್ನು ಜಿನಾಯಿದಾ ಮೊದಲ ವಾರವೇ ಬದಲಿಸಿ ಪ್ರೂನಾ ಎಂದಿಟ್ಟಳು. ನಾಯಿಗೆ ಬರುತ್ತಿದ್ದದ್ದು ಪೋಲಿಷ್ ಭಾಷೆಯ ಎಂಟು ಅಪ್ಪಣೆಗಳು. ಅವನ್ನು ಇವಳು ಬಟ್ಟೆ ಒಗೆಯುತ್ತ, ಈರುಳ್ಳಿ ಹೆಚ್ಚುತ್ತ ಉರು ಹೊಡೆದು ಕಲಿತಳು. ಇಟಲಿಗೆ ದುಡಿಯಲು ಹೋದ ಗಂಡ ಅಲ್ಲೇ ಇನ್ನೊಬ್ಬಳ ಜೊತೆ ನೆಲೆನಿಂತನೆಂಬ ಸುದ್ದಿ ಬಂದಾಗ ಅವಳು ಎರಡು ದಿನ ಅತ್ತು ಸುಮ್ಮನಾಗಿದ್ದಳು. ಪ್ರೂನಾಳ ಕಾಲಿಗೆ ಗಾಜು ಚುಚ್ಚಿದಾಗ ಅತ್ತದ್ದು ಒಂದು ವಾರ. ಇದನ್ನು ಠಾಣೆಯವರೆಲ್ಲ ಹೇಳಿಕೊಂಡು ನಗುತ್ತಿದ್ದರು, ಅವಳೂ ಜೊತೆಗೆ ನಗುತ್ತಿದ್ದಳು.

ಈಗ ನಗು ಬರುತ್ತಿರಲಿಲ್ಲ. ವೊಯ್ಚೆಖ್ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು. ಅವನು ಒಳ್ಳೆಯವನು, ಅದೇ ದೊಡ್ಡ ಪೀಡೆ. ಪಾತ್ರೆ ತೊಳೆಯುತ್ತಿದ್ದ, ಚಾಲಕರಿಗೆ ನೀರು ಕೊಡುತ್ತಿದ್ದ, ಇಬ್ಬರಿಗೂ ಅರ್ಧಂಬರ್ಧ ಬರುವ ರಷ್ಯನ್ ಭಾಷೆಯಲ್ಲಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ.

"ಅಕ್ಕಾ, 'ಹುಡುಕು' ಅನ್ನೋದನ್ನ ನೀವು ಸ್ವಲ್ಪ ಎಳೆದು ಹೇಳ್ತೀರಿ. ಚಿಕ್ಕದಾಗಿ ಹೇಳಿ. ಅವಳಿಗೆ ಹಾಗೇ ಅಭ್ಯಾಸ."

"ಆರು ವರ್ಷದಿಂದ ಎಳೆದೇ ಹೇಳ್ತಿದೀನಿ. ಹನ್ನೊಂದು ಪಿಸ್ತೂಲು, ಎರಡು ಪೆಟ್ಟಿಗೆ ಗ್ರೆನೇಡು ಹುಡುಕಿ ಕೊಟ್ಟಿದಾಳೆ."

"ಅಯ್ಯೋ, ತಪ್ಪು ಅಂತ ಹೇಳ್ಲಿಲ್ಲ ಅಕ್ಕಾ."

"ಹೇಳೋದೂ ಬೇಡ."

ಹೀಗೆ ಹೇಳಿ ಅವಳು ಗೆದ್ದೆನೆಂದುಕೊಳ್ಳುವಷ್ಟರಲ್ಲಿ, ಪ್ರೂನಾ ಎದ್ದು ಹೋಗಿ ಅವನ ಬೂಟಿನ ಮೇಲೆ ಗದ್ದ ಇಟ್ಟುಕೊಂಡು ಮಲಗುತ್ತಿತ್ತು. ಅವತ್ತು ಜಿನಾಯಿದಾ ಮನೆಗೆ ಹೋಗಿ ಹಿಟ್ಟು ನಾದುವಾಗ ಅದಕ್ಕೆ ಬೀಳುತ್ತಿದ್ದ ಗುದ್ದು ಪಕ್ಕದ ಮನೆಗೆ ಕೇಳಿಸುತ್ತಿತ್ತು. ಹೊಟ್ಟೆಕಿಚ್ಚು, ಬೇರೇನೂ ಅಲ್ಲ. ಅದನ್ನು ಅವಳು ತನ್ನಲ್ಲಿ ತಾನೇ ಒಪ್ಪಿಕೊಂಡಿದ್ದಳು. ನಲವತ್ತು ದಾಟಿದ ಹೆಂಗಸು ಒಂದು ನಾಯಿಗೋಸ್ಕರ ಹೀಗೆ ಮೈ ಪರಚಿಕೊಳ್ಳುವುದೇ ಎಂದು ಬೈದುಕೊಂಡಳು, ಬೈದುಕೊಂಡರೂ ಕಿಚ್ಚು ಆರಲಿಲ್ಲ.

ಮೂರನೆಯ ವಾರದ ಶುಕ್ರವಾರ ಠಾಣೆಯ ಮುಖ್ಯಸ್ಥ ಎಫೀಮ್ ಬೊಸ್ತಾನ್ ಅವಳನ್ನು ಒಳಗೆ ಕರೆದ. ಒಳ್ಳೆಯ ಸುದ್ದಿ ಹೇಳುವಾಗ ಎದ್ದು ನಿಲ್ಲುವ, ಕೆಟ್ಟ ಸುದ್ದಿಗೆ ಕುರ್ಚಿಯಲ್ಲೇ ಹೂತುಕೊಳ್ಳುವ ಮನುಷ್ಯ. ಅವತ್ತು ಕುರ್ಚಿಯಲ್ಲೇ ಇದ್ದ.

"ಕೂತ್ಕೊಳ್ಳಮ್ಮಾ. ಬರೋ ವಸಂತಕ್ಕೆ ಪ್ರೂನಾಗೆ ನಿವೃತ್ತಿ ಅಲ್ವಾ? ವೊಯ್ಚೆಖ್ ಒಂದು ಅರ್ಜಿ ಹಾಕಿದಾನೆ. ಆಮೇಲೆ ಅವಳನ್ನ ತನ್ನ ಊರಿಗೆ ಕರ್ಕೊಂಡು ಹೋಗ್ತಾನಂತೆ. ಅವನಪ್ಪನ ತೋಟ ಇದೆಯಂತೆ, ಅವಳ ಅಕ್ಕತಂಗೀರೂ ಅಲ್ಲೇ ಇದಾರಂತೆ."

"ಅವಳಿಗೆ ಮನೆ ಇದೆ. ನನ್ನ ಮನೆ."

"ಇದೆ, ಗೊತ್ತು. ಆದ್ರೆ ಕಾಗದ ಹಾಗೆ ಹೇಳಲ್ವಲ್ಲ. ಕೊಟ್ಟ ನಾಯಿ ಕೊನೇ ತನಕ ಕೊಟ್ಟವರದ್ದೇ. ನಿವೃತ್ತಿ ಆದ್ಮೇಲೆ ಎಲ್ಲಿರಬೇಕು ಅಂತ ಅವರೇ ಹೇಳ್ಬೇಕು. ನಾನೇನು ಮಾಡ್ಲಿ? ನಿಂಗೆ ಹೊಸ ಮರಿ ಕೊಡ್ತಾರೆ."

"ಹೊಸ ಮರಿ ನೀವೇ ಸಾಕ್ಕೊಳ್ಳಿ ಸಾಹೇಬ್ರೇ" ಎಂದು ಅವಳು ಹೊರಗೆ ಬಂದಳು. ಆರು ವರ್ಷ ಹೇನು ಹೆಕ್ಕಿದವಳು ನಾನು, ಜ್ವರಕ್ಕೆ ಎದ್ದು ಕೂತವಳು ನಾನು, ಬಂದು ಎತ್ತಿಕೊಂಡು ಹೋಗುವವನು ಅವನು!

ಹೊರಗೆ ವೊಯ್ಚೆಖ್‌ನ ಬೂದು ಬಣ್ಣದ ಕಾರು ಸೇತುವೆ ದಾಟಲು ನಿಂತಿತ್ತು. ಎರಡು ದಿನದ ರಜೆಗೆ ಆಚೆ ಕಡೆ ಹೊರಟಿದ್ದ. ಜಂಟಿ ತಂಡದವರ ಸ್ವಂತ ಕಾರನ್ನೂ ನಾಯಿಯಿಂದ ಮೂಸಿಸಿಯೇ ಬಿಡಬೇಕೆಂಬುದು ಎರಡು ಕಡೆಯವರೂ ಸಹಿ ಹಾಕಿದ ನಿಯಮ. ಅವನು ಇಳಿದು ಕಾರಿನ ಮುಂದೆ ನಿಂತು, ಕೈ ಕಟ್ಟಿಕೊಂಡು ನಗುತ್ತಿದ್ದ. ಜಿನಾಯಿದಾ ಪ್ರೂನಾಳನ್ನು ಕರೆತಂದು ಅಪ್ಪಣೆ ಕೊಟ್ಟಳು. ಎಳೆದೇ ಕೊಟ್ಟಳು.

ನಾಯಿಯ ಹಗ್ಗ ಹಿಡಿಯುವವರಿಗೆಲ್ಲ ಮೊದಲ ದಿನವೇ ಹೇಳಿಕೊಡುವ ಒಂದು ಪಾಠವಿದೆ. ಮದ್ದಿನ ವಾಸನೆ ಸಿಕ್ಕರೆ ನಾಯಿ ಬೊಗಳದೆ ಸುಮ್ಮನೆ ಕೂರುತ್ತದೆ. ಕೂತ ಮೇಲೆ ಬಲ ಜೇಬಿನಿಂದ ರಬ್ಬರ್ ಚೆಂಡು ತೆಗೆದು ಅದಕ್ಕೆ ಕೊಡಬೇಕು. ಕೂರುವ ಮೊದಲು ಕೈ ಜೇಬಿನ ಹತ್ತಿರಕ್ಕೂ ಹೋಗಕೂಡದು. ಹೋದರೆ ನಾಯಿ ಮೂಗನ್ನು ಬಿಟ್ಟು ನಿಮ್ಮ ಕೈಯನ್ನು ನಂಬುತ್ತದೆ. ಒಡತಿಗೆ ಬೇಕಾದದ್ದು ಇಲ್ಲೇ ಇದೆಯಂತೆ ಎಂದು ಕೂತುಬಿಡುತ್ತದೆ. ಆರು ವರ್ಷದಲ್ಲಿ ಜಿನಾಯಿದಾ ಈ ತಪ್ಪನ್ನು ಒಮ್ಮೆಯೂ ಮಾಡಿರಲಿಲ್ಲ.

ಹಿಂದಿನ ಬಾಗಿಲ ಬಳಿ ಬಂದಾಗ ಸೀಟಿನ ಮೇಲೆ ಒಂದು ಹೊಸ ಹಾಸಿಗೆ ಕಂಡಿತು. ಕೆಂಪು ಚೌಕಳಿಯ, ದಪ್ಪ, ನಾಯಿಯ ಹಾಸಿಗೆ. ಆಗಲೇ ಕೊಂಡುಬಿಟ್ಟಿದ್ದಾನೆ! ಅವಳ ಕಾಲು ನಿಂತಿತು. ಹಗ್ಗ ಬಿಗಿಯಿತು. ಕೈ ಜೇಬಿನ ಕಡೆ ಹೋಯಿತು. ಹೋದದ್ದು ಅವಳಿಗೆ ಗೊತ್ತಾಗುವ ಮುಂಚೆಯೇ ಹೋಗಿತ್ತು, ಆದರೆ ಗೊತ್ತಾದ ಮೇಲೂ ಅವಳು ಅದನ್ನು ಹಿಂದಕ್ಕೆ ತರಲಿಲ್ಲ. ಪ್ರೂನಾ ಬಾಗಿಲನ್ನು ನೋಡಿತು, ಕೈಯನ್ನು ನೋಡಿತು, ಕೂತಿತು.

"ಕೂತ್ಲು!" ಎಂದು ಕಾವಲಿನವನೊಬ್ಬ ಕಿರುಚಿದ.

ಆಮೇಲೆ ಆದದ್ದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಮದ್ದಿನ ನಾಯಿ ಕೂತಿತೆಂದರೆ ಸೇತುವೆ ಬಂದ್. ಲಾರಿಗಳನ್ನು ಅರ್ಧ ಮೈಲಿ ಹಿಂದೆ ಸರಿಸಿದರು, ರಾಜಧಾನಿ ಕಿಶಿನಾವುವಿನಿಂದ ಬಾಂಬ್ ಪರಿಣತರು ಬರುವವರೆಗೆ ಕಾದರು, ಬಂದವರು ಕಾರಿನ ಸೀಟು ಕಿತ್ತರು, ಬಾಗಿಲು ಬಿಚ್ಚಿದರು, ಕೆಂಪು ಹಾಸಿಗೆಯನ್ನು ಕತ್ತರಿಸಿ ಹತ್ತಿಯನ್ನೆಲ್ಲ ಹೊರಗೆಳೆದರು. ಇದಕ್ಕೆಲ್ಲ ಆರು ಗಂಟೆ ಹಿಡಿಯಿತು. ಜೂನ್ ಬಿಸಿಲಿನಲ್ಲಿ ಚೆರ್ರಿಯ ರಸ ಪೆಟ್ಟಿಗೆಗಳ ಸಂದಿಯಿಂದ ತೊಟ್ಟಿಕ್ಕತೊಡಗಿತು. ಕಾರಿನಲ್ಲಿ ಏನೂ ಇರಲಿಲ್ಲ.

"ನಿಮ್ಮ ಮುದಿನಾಯಿ ಮೂಗು ಸತ್ತಿದೆ!" ತ್ರೋಫಿಮ್ ಈ ಸಲ ತಮಾಷೆಗೆ ಕೂಗಲಿಲ್ಲ. "ನನ್ನ ಒಂದು ಲಾರಿ ಹಣ್ಣು ಹಂದಿಗೆ ಹಾಕೋ ಹಾಗಾಯ್ತು. ಗುಂಡು ಹೊಡೆದು ಹೂಳ್ರಿ ಅದನ್ನ!"

ಪ್ರೂನಾ ಚೆಂಡು ಕಚ್ಚಿಕೊಂಡು ಜಿನಾಯಿದಾಳ ಮುಖವನ್ನೇ ನೋಡುತ್ತಿತ್ತು. ಹೇಳಿದ್ದನ್ನು ಮಾಡಿದೆನಲ್ಲ ಎಂಬ ಸಂತೋಷ ಅದರ ಬಾಲದಲ್ಲಿತ್ತು. ಅವಳಿಗೆ ಆ ಬಾಲವನ್ನು ನೋಡಲಾಗಲಿಲ್ಲ.

ಎರಡೂ ಕಡೆಯವರ ವಿಚಾರಣೆ ಮುಂದಿನ ಗುರುವಾರಕ್ಕೆ ನಿಗದಿಯಾಯಿತು. ಅಲ್ಲಿಯವರೆಗೆ ಪ್ರೂನಾಗೆ ಕೆಲಸವಿಲ್ಲ. ಶನಿವಾರ ಬೊಸ್ತಾನ್ ಅವಳನ್ನು ಅಂಗಳದ ಮೂಲೆಗೆ ಕರೆದು ಗುಟ್ಟಿನ ದನಿ ತೆಗೆದ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ವಯಸ್ಸಾಯ್ತು, ಮೂಗು ಕೆಟ್ಟಿದೆ ಅಂತ ಬರೀತಾರೆ. ಹಾಗೆ ತೆಗೆದುಹಾಕಿದ ನಾಯಿ ಕೊಟ್ಟವರಿಗೆ ವಾಪಸ್ ಹೋಗಲ್ಲ. ಇಲ್ಲೇ ಇಲಾಖೆಗೆ. ಹಗ್ಗ ಹಿಡಿದವರಿಗೇ ಮೊದಲ ಹಕ್ಕು. ಅರ್ಥ ಆಯ್ತಾ? ಗುರುವಾರ ವಿಚಾರಣೆ ಮುಗಿದ್ರೆ ಅದರ ಮುಂದಿನ ಸೋಮವಾರ ಮನೆಗೆ ಕರ್ಕೊಂಡು ಹೋಗಬಹುದು."

ಅವಳಿಗೆ ಅರ್ಥವಾಯಿತು. ಎದೆ ಧಸಕ್ಕೆಂದಿತು, ಆಮೇಲೆ ಕುಣಿಯಿತು. ಬಾಯಿ ಬಿಡದೆ ಕೂತರೆ ಸಾಕು, ಪ್ರೂನಾ ಅವಳದು. ಕೆಟ್ಟ ಹೆಸರಿನ ಪ್ರೂನಾ. ಹೆಸರು ಕಟ್ಟಿಕೊಂಡು ನಾಯಿಗೆ ಆಗಬೇಕಾದದ್ದೇನು ಎಂದುಕೊಂಡಳು. ಅಡಿಗೆಮನೆಯ ಒಲೆಯ ಪಕ್ಕ ಜಾಗ ಗುಡಿಸಿದಳು, ಗಂಡನ ಹಳೆಯ ಕುರಿಚರ್ಮದ ಕೋಟನ್ನು ಮಡಿಸಿ ಹಾಸಿದಳು. ಹಾಸುವಾಗ ತ್ರೋಫಿಮ್ ಕೂಗಿದ ಮಾತು ಕಿವಿಯಲ್ಲಿ ಕೊರೆಯಿತು. ಪೆಟ್ಟಿಗೆ ಪೆಟ್ಟಿಗೆ ಗ್ರೆನೇಡು ಹಿಡಿದ ಮೂಗನ್ನು ಸತ್ತ ಮೂಗು ಎಂದು ಬರೆಯುತ್ತಾರೆ. ಬರೆಯಲಿ. ಅವಳು ಕಿವಿ ಕಿವುಡು ಮಾಡಿಕೊಂಡಳು.

ಗುರುವಾರದ ವಿಚಾರಣೆಯಲ್ಲಿ ಮೇಜಿನ ಒಂದು ಕಡೆ ನಮ್ಮವರು ಇಬ್ಬರು, ಇನ್ನೊಂದು ಕಡೆ ಒಕ್ಕೂಟದವರು ಇಬ್ಬರು, ನಡುವೆ ಯಾರೂ ಮುಟ್ಟದ ಬಿಸ್ಕತ್ತು. ಜಿನಾಯಿದಾಳನ್ನು ಕೇಳಿದರು. ನಾಯಿ ಕೂತಿತು, ನಾನು ವರದಿ ಮಾಡಿದೆ ಎಂದಳು. ಸುಳ್ಳಲ್ಲ. ಬಾಂಬ್ ಪರಿಣತರ ವರದಿ ಓದಿದರು. ನಾಯಿಯ ವಯಸ್ಸು ಓದಿದರು. ತೆಗೆದುಹಾಕುವುದೆಂದು ಬರೆಯಲು ಲೇಖನಿ ಎತ್ತಿದಾಗ ವೊಯ್ಚೆಖ್ ಎದ್ದು ನಿಂತ.

"ನಾಯಿ ತಪ್ಪು ಮಾಡಿಲ್ಲ. ತಪ್ಪು ನಂದು."

ಎಲ್ಲರೂ ಅವನ ಕಡೆ ತಿರುಗಿದರು.

"ಹಿಂದಿನ ದಿನ ಗುಂಡಿನ ಅಭ್ಯಾಸಕ್ಕೆ ಹೋಗಿದ್ದೆ. ಬಂದೂಕು ಒರೆಸಿದ ಬಟ್ಟೇನ ಹಿಂದಿನ ಬಾಗಿಲ ಜೇಬಲ್ಲಿ ಇಟ್ಟಿದ್ದೆ. ಹಾಗೆ ಇಡಬಾರದು, ಗೊತ್ತು. ಅವತ್ತು ಬೆಳಿಗ್ಗೆ ತೆಗೆದು ಬಿಸಾಕಿದೆ. ವಾಸನೆ ಉಳಿದಿತ್ತು. ಅವಳು ಸರಿಯಾಗೇ ಕೂತ್ಲು. ನನ್ನನ್ನ ವಾಪಸ್ ಕಳಿಸಿ, ನನ್ನ ಮೇಲೆ ಏನು ಬೇಕೋ ಬರೀರಿ. ಅವಳ ಮೇಲೆ ಬರೀಬೇಡಿ."

ಕೋಣೆ ಮೆತ್ತಗಾಯಿತು. ಬೊಸ್ತಾನ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಒಕ್ಕೂಟದ ಹೆಂಗಸು ಅಧಿಕಾರಿ ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಗೌರವವೇ ಹೆಚ್ಚಿತ್ತು.

ಜಿನಾಯಿದಾ ಒಬ್ಬಳಿಗೇ ಗೊತ್ತು, ಬಟ್ಟೆಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಅವಳು ಅವನತ್ತ ನೋಡಿದಳು. ಅವನೂ ಅವಳನ್ನು ನೋಡಿದ, ನೋಡಿ ಮೆಲ್ಲಗೆ ಕಣ್ಣು ಕೆಳಗಿಳಿಸಿದ. ಆಗ ಅವಳಿಗೆ ಹೊಳೆಯಿತು. ಅವತ್ತು ಕಾರಿನ ಮುಂದೆ ನಿಂತಿದ್ದವನು ಅವನು. ನಾಯಿಗೆ ಕಲಿಸುವುದೇ ಕಸುಬಾದವನು. ಅವಳ ಕೈ ಎಲ್ಲಿ ಹೋಯಿತೆಂದು ನೋಡಿದ್ದಾನೆ. ನೋಡಿಯೂ ಬಿಟ್ಟುಕೊಡದೆ ಪ್ರೂನಾಳ ಹೆಸರನ್ನು ಉಳಿಸುತ್ತಿದ್ದಾನೆ, ಇವಳ ನೌಕರಿಯನ್ನೂ ಉಳಿಸುತ್ತಿದ್ದಾನೆ, ತನ್ನದನ್ನು ಕಳೆದುಕೊಳ್ಳುತ್ತಿದ್ದಾನೆ.

ಬೇರೆ ಯಾರಾದರೂ ಆಗಿದ್ದರೆ ಮನಸ್ಸಿನಲ್ಲೇ ಕೈಮುಗಿದು ಸುಮ್ಮನಿರುತ್ತಿದ್ದರು. ಜಿನಾಯಿದಾಳ ಮೈಯೆಲ್ಲ ಬೆಂಕಿಯಾಯಿತು. ಹುಟ್ಟಿಸಿದವನೂ ಇವನೇ, ಕಲಿಸಿದವನೂ ಇವನೇ, ಕೊನೆಗೆ ಪ್ರೂನಾಗೋಸ್ಕರ ತಲೆ ಕೊಡುವವನೂ ಇವನೇ ಆಗಬೇಕೇ? ಹಾಗಾದರೆ ನಾನು ಯಾರು? ಒಲೆಯ ಪಕ್ಕ ಕೋಟು ಹಾಸಿ, ಅದರ ಹೆಸರು ಕೆಡಲಿ ಎಂದು ಕಾದು ಕೂತವಳು. ಪ್ರೂನಾಳನ್ನು ತನಗಿಂತ ಹೆಚ್ಚು ಪ್ರೀತಿಸುವವನೊಬ್ಬ ಇದ್ದಾನೆಂದು ಈ ಮೇಜಿನ ಸುತ್ತ ಎಲ್ಲರೂ ನಂಬುತ್ತಿದ್ದಾರೆ. ಅದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

"ಸುಳ್ಳು ಹೇಳ್ತಿದಾನೆ" ಎಂದಳು.

"ಅಕ್ಕಾ, ಬೇಡ" ಎಂದ ವೊಯ್ಚೆಖ್.

"ನೀನು ಕೂತ್ಕೋ. ನಿನ್ನ ಉಪಕಾರ ನಿನ್ನ ಹತ್ರಾನೇ ಇರ್ಲಿ." ಅವಳು ಮೇಜಿನ ಕಡೆ ತಿರುಗಿದಳು. "ಬಟ್ಟೇನೂ ಇಲ್ಲ, ಗಿಟ್ಟೇನೂ ಇಲ್ಲ. ಕೈ ಜೇಬಿಗೆ ಹಾಕಿ ಅವಳನ್ನ ಕೂರಿಸಿದ್ದು ನಾನು. ಅವನ ಮೇಲೆ ಹೊಟ್ಟೆಕಿಚ್ಚಿಗೆ. ಕಾರಲ್ಲಿ ಏನೂ ಇಲ್ಲ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಕೇಳಿದೆ ಅಂತ ಕೂತ್ಲು. ಬೇಕಾದ್ರೆ ಪರೀಕ್ಷೆ ಮಾಡ್ಕೊಳ್ಳಿ, ಹಗ್ಗ ಯಾರ ಕೈಗಾದ್ರೂ ಕೊಡಿ. ಅವಳ ಮೂಗು ಈ ಕೋಣೆಯಲ್ಲಿರೋ ಎಲ್ಲರ ತಲೆಗಿಂತ ಚೆನ್ನಾಗಿದೆ."

ಬೊಸ್ತಾನ್ ಕುರ್ಚಿಯಲ್ಲಿ ಇನ್ನಷ್ಟು ಹೂತುಹೋದ.

ಮಧ್ಯಾಹ್ನವೇ ಪರೀಕ್ಷೆಯಾಯಿತು. ಹಗ್ಗವನ್ನು ವೊಯ್ಚೆಖ್‌ನ ಕೈಗೆ ಕೊಟ್ಟರು, ಏಕೆಂದರೆ ಪ್ರೂನಾಗೆ ಅಪ್ಪಣೆ ಕೊಡಲು ಬರುವವನು ಠಾಣೆಯಲ್ಲಿ ಇನ್ನು ಅವನೊಬ್ಬನೇ. ಇಪ್ಪತ್ತು ಕಾರು ನಿಲ್ಲಿಸಿ ಮೂರರಲ್ಲಿ ಮದ್ದು ಬಚ್ಚಿಟ್ಟಿದ್ದರು. ಪ್ರೂನಾ ಹನ್ನೊಂದು ನಿಮಿಷದಲ್ಲಿ ಮೂರನ್ನೂ ಹಿಡಿಯಿತು, ಉಳಿದ ಯಾವುದರ ಮುಂದೆಯೂ ಕೂರಲಿಲ್ಲ. ಲಾರಿ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಗೆರೆಯ ಆಚೆ ನಿಂತಿದ್ದ ಜಿನಾಯಿದಾ ಹೆಮ್ಮೆಯಿಂದ ತಾನೂ ಚಪ್ಪಾಳೆಗೆ ಕೈ ಎತ್ತಿದಳು. ಅದೇ ಗಳಿಗೆಯಲ್ಲಿ, ಚೆಂಡು ಅವನ ಜೇಬಿನಿಂದ ಬಂದದ್ದನ್ನು ಕಂಡು ಕೈ ಇಳಿಸಿದಳು.

ನಾಯಿಯ ಹಗ್ಗ ಹಿಡಿಯುವ ಅವಳ ಪರವಾನಗಿ ಹೋಯಿತು. ನೌಕರಿ ಹೋಗಲಿಲ್ಲ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಗಾಜಿನ ಗೂಡಿನಲ್ಲಿ ಕೂರಿಸಿದರು. ವೊಯ್ಚೆಖ್‌ನನ್ನು ವಸಂತದವರೆಗೆ ಉಳಿಸಿಕೊಂಡರು. ಆಮೇಲೆ ಪ್ರೂನಾ ಅವನ ಜೊತೆಗೇ ಹೋಗುತ್ತದೆಂದು ಎರಡೂ ಕಡೆಯವರು ಸಹಿ ಹಾಕಿದರು.

ಮಾರನೆಯ ದಿನ ಅವನು ಗೂಡಿನ ಕಿಟಕಿಗೆ ಬಂದ.

"ಯಾಕೆ ಅಕ್ಕಾ ಹೇಳಿದ್ರಿ? ನಾನು ಹೊರಟುಹೋಗ್ತಿದ್ದೆ. ಹೋಗೋ ಮುಂಚೆ ಆ ಅರ್ಜೀನೂ ಹರಿದು ಹಾಕ್ತಿದ್ದೆ. ಅವಳು ನಿಮ್ಮ ಹತ್ರಾನೇ ಇರ್ತಿದ್ಲು. ಸುಮ್ಮನಿದ್ದಿದ್ರೆ ಸಾಕಿತ್ತಲ್ಲ."

ಅರ್ಜಿಯನ್ನು ಹರಿಯುತ್ತಿದ್ದನೆಂಬುದು ಅವಳಿಗೆ ಗೊತ್ತಿರಲಿಲ್ಲ. ಎತ್ತಿದ್ದ ಮುದ್ರೆಯನ್ನು ಒತ್ತದೆ ಕೆಳಗಿಟ್ಟಳು.

"ಸುಮ್ಮನಿದ್ದಿದ್ರೆ ಸಾಯೋತನಕ ಅವಳು ನೀನು ಕೊಟ್ಟ ನಾಯಿ ಆಗಿರ್ತಿದ್ಲು" ಎಂದಳು. "ಹೋಗು, ಹಿಂದೆ ಸಾಲಿದೆ."

ನಾಲ್ಕನೆಯ ದಿನ ಅವನು ಮತ್ತೆ ಬಂದ. ಮುಖ ಬಾಡಿತ್ತು.

"ಅವಳು ಊಟ ಮಾಡ್ತಿಲ್ಲ ಅಕ್ಕಾ. ತಟ್ಟೆ ಇಟ್ರೆ ಬಾಗಿಲ ಕಡೆ ನೋಡ್ತಾ ಕೂರ್ತಾಳೆ. ಮಾಂಸ ಕೊಟ್ಟೆ, ಮೆಕ್ಕೆಜೋಳದ ಮಮಲಿಗಾ ಕೊಟ್ಟೆ, ಹಾಲು ಕೊಟ್ಟೆ. ನೀವು ಏನು ಮಾಡ್ತಿದ್ರಿ?"

ಜಿನಾಯಿದಾಳ ಎದೆಯೊಳಗೆ ಸಕ್ಕರೆ ಸುರಿದ ಹಾಗಾಯಿತು. ಬಾಗಿಲ ಕಡೆ ನೋಡುತ್ತದಂತೆ! "ನಂಗೇನು ಗೊತ್ತು, ನೀನೇ ಅಲ್ವಾ ಸಾಕಿದ್ದು?" ಎಂದು ಮುದ್ರೆ ಒತ್ತಿದಳು. ಅವತ್ತು ಮನೆಗೆ ಹೋಗಿ ಬಹಳ ದಿನದ ಮೇಲೆ ಹಾಡು ಹೇಳಿಕೊಂಡು ಪ್ಲಚಿಂತಾ ಮಾಡಿದಳು. ಮಾಡಿದ್ದನ್ನು ತಿನ್ನಲಾಗಲಿಲ್ಲ. ಮರುದಿನ ಬೆಳಿಗ್ಗೆ ಪ್ರೂನಾ ಲಾರಿಯ ಚಕ್ರ ಮೂಸುತ್ತ ಗೂಡಿನ ಮುಂದೆ ಹಾದುಹೋದಾಗ ಅದರ ಪಕ್ಕೆಲುಬು ಎಣಿಸುವ ಹಾಗಿತ್ತು.

ಅವಳು ಕಿಟಕಿ ತೆರೆದು ಅವನನ್ನು ಕೂಗಿದಳು.

"ಲೋ, ಕೇಳಿಲ್ಲಿ. ಅವಳು ತಿನ್ನೋವಾಗ ಎದುರು ನಿಂತ್ಕೊಂಡು ನೋಡಬೇಡ. ಬೆನ್ನು ಕೊಟ್ಟು ನೆಲದ ಮೇಲೆ ಕೂತ್ಕೋ. ನೀನೂ ಏನಾದ್ರೂ ತಿನ್ನು, ಬಾಯಿ ಸದ್ದು ಕೇಳಿಸೋ ಹಾಗೆ. ಮುಗಿಯೋ ತನಕ ತಿರುಗಬೇಡ."

"ಅಷ್ಟೇನಾ?"

"ಅಷ್ಟೇ" ಎಂದಳು. ಅವನ ಹತ್ತಿರ ಇಲ್ಲದೆ ಅವಳ ಹತ್ತಿರ ಮಾತ್ರ ಉಳಿದಿದ್ದದ್ದು ಅದೊಂದೇ ಆಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಸಾಲು ಸ್ವಲ್ಪ ಕರಗಿತು. ಗೂಡಿನ ಹಿಂದಿನ ಗಾಜಿನಿಂದ ನಾಯಿಮನೆಯ ಅಂಗಳ ಕಾಣುತ್ತಿತ್ತು. ವೊಯ್ಚೆಖ್ ನೆಲದ ಮೇಲೆ ಕೂತು, ತಟ್ಟೆಗೆ ಬೆನ್ನು ಕೊಟ್ಟು, ಸೌತೆಕಾಯಿ ಕಚ್ಚುತ್ತಿದ್ದ. ಪ್ರೂನಾ ಬಹಳ ಹೊತ್ತು ಬಾಗಿಲ ಕಡೆ ನೋಡಿತು. ಆಮೇಲೆ ತಲೆ ತಗ್ಗಿಸಿ ತಿನ್ನತೊಡಗಿತು. ತಿನ್ನು, ತಿನ್ನು ಮಗಳೇ ಎಂದು ಜಿನಾಯಿದಾ ಗಾಜಿಗೆ ಹಣೆ ಹಚ್ಚಿ ಹೇಳಿದಳು. ಹೊಟ್ಟೆ ಉರಿಯುತ್ತಲೇ ಇತ್ತು. ತಟ್ಟೆ ಖಾಲಿಯಾಯಿತು. ಪ್ರೂನಾ ಮತ್ತೆ ಬಾಗಿಲ ಕಡೆ ನೋಡಲಿಲ್ಲ. ಅವನ ಬೆನ್ನಿಗೆ ಬೆನ್ನು ಒರಗಿಸಿ ಮಲಗಿತು.